ತಿರುಗಿ ಕೊಟ್ಟ ಖಣ

ಸಾಲೋಟಗಿಯ ದೇಸಾಯರ ವಾಡೆಯನ್ನು ಯಾರಿಗೂ ಬಾಡಿಗೆಗೆ ಕೊಡುವುದಿಲ್ಲ ಎಂದು ಬಸಂತರಾಯ ದೇಸಾಯಿ ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ವರ್ಷಕ್ಕೆ ಹದಿನೈದು ಮದುವೆ ಅಲ್ಲಿ ಆಗುತ್ತಿದ್ದವು. ಮೇಲಂತಸ್ತಿನ ಆರು ಖೋಲಿಗಳಲ್ಲಿ ಬೀಜದ ಕಂಪನಿಯವರು, ವಿಮೆಯವರು, ಊರಿನ ಶಾಸನದ ಕಂಬ ನೋಡಲು ಧಾರವಾಡದಿಂದ ಬಂದವರು ಇಳಿದುಕೊಳ್ಳುತ್ತಿದ್ದರು. ಹೋಗುವಾಗ ತಾಟಿನಲ್ಲಿ ತೆಂಗಿನಕಾಯಿಯ ಕೆಳಗೆ ನೋಟು ಇಟ್ಟು ಹೋಗುತ್ತಿದ್ದರು. ಬಸಂತರಾಯ ಆ ತಾಟಿನ ಕಡೆ ನೋಡುತ್ತಿರಲಿಲ್ಲ. ನೋಡುವ ಕೆಲಸ ಮಗ ಸಂಗಣ್ಣನದು.

ಹಾಸಿಗೆಯ ಅರಿವೆ ಒಗೆಯುವ ಕೆಲಸ ಮಗಳು ಚಂದವ್ವನದು. ಅವಳಿಗೆ ಇಪ್ಪತ್ತೇಳು ನಡೆದಿತ್ತು. ಉಳುವವನಿಗೇ ಹೊಲ ಎಂಬ ಕಾಯ್ದೆ ಬಂದು ಯಂಕಂಚಿಯ ಎಪ್ಪತ್ತು ಎಕರೆ ಕೋರಿಗೆ, ಅಂದರೆ ಪಾಲಿಗೆ ಉಳುತ್ತಿದ್ದವರ ಹೆಸರಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಅದಕ್ಕಿಂತ ಮೊದಲು ಅವಳಿಗೆ ಗಂಡು ನೋಡುವವರು ಹೊಲ ಎಷ್ಟು ಎಂದು ಕೇಳುತ್ತಿದ್ದರು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಮೂರು ಸಂಬಂಧ ಬಂದು ಹೋಗಿದ್ದವು.

ವಾಡೆಯಲ್ಲಿ ಮದುವೆ ಮಾಡಬೇಕೆನ್ನುವವರು ಸಂಗಣ್ಣನ ಹತ್ತಿರ ಹೋಗುವಂತಿರಲಿಲ್ಲ. ಹುಡುಗಿಯ ತಾಯಿ ಕುಪ್ಪಸದ ಒಂದು ಖಣ ತಂದು ಚಂದವ್ವನ ತಾಯಿ ಸಿದ್ದವ್ವನ ಉಡಿಯಲ್ಲಿ ಹಾಕಬೇಕು. ಮಗಳ ಹೆಸರು, ಮದುವೆಯ ತಿಥಿ ಹೇಳಬೇಕು. ಸಿದ್ದವ್ವ ಆ ಖಣವನ್ನು ಕಣ್ಣಿಗೊತ್ತಿಕೊಂಡು ತನ್ನ ಪೆಟ್ಟಿಗೆಯಲ್ಲಿಟ್ಟಳೆಂದರೆ ಆ ಹುಡುಗಿ ವಾಡೆಯ ಮಗಳಾದಳು, ಆ ದಿನ ಅವಳದಾಯಿತು. ಮದುವೆಯಾದ ಮೇಲೆ ಅದೇ ಖಣ ಹಾಕಿ ಅವಳ ಉಡಿ ತುಂಬಿ ದೊಡ್ಡ ಬಾಗಿಲಿನಿಂದ ಕಳಿಸುವುದು. ಮಗಳ ಮದುವೆಗೆ ಯಾರಾದರೂ ಬಾಡಿಗೆ ಹಿಡಿಯುತ್ತಾರೆಯೇ? ಇದು ಬಸಂತರಾಯನೇ ಹೂಡಿದ ಹಂಚಿಕೆ. ಕಾಗದವಿಲ್ಲ, ರಸೀದಿಯಿಲ್ಲ. ನಾಲ್ಕು ವರ್ಷದಲ್ಲಿ ಅರವತ್ತು ಹುಡುಗಿಯರು ಹೀಗೆ ಅವನ ಮಕ್ಕಳಾಗಿ ಗಂಡನ ಮನೆಗೆ ಹೋಗಿದ್ದರು. ಹೆತ್ತ ಮಗಳು ಮನೆಯಲ್ಲೇ ಇದ್ದಳು.

ಯುಗಾದಿಯಾಗಿ ಎಂಟು ದಿನಕ್ಕೆ ತಂದೆ ಮಗ ಬಸವನ ಬಾಗೇವಾಡಿಗೆ ಹೋಗಿ ಗಂಡು ಗಟ್ಟಿ ಮಾಡಿಕೊಂಡು ಸಂಜೆಯ ಬಸ್ಸಿಗೆ ಬಂದರು. ಗಂಡು ಶ್ರೀಶೈಲಪ್ಪ, ಕಚೇರಿಯಲ್ಲಿ ಕಾರಕೂನ. ಮೂವತ್ತಾರು ವರ್ಷ. ಮೊದಲ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಒಮ್ಮೆ ಬಂದು ಚಂದವ್ವನನ್ನು ನೋಡಿ, ಎರಡು ಕಪ್ಪು ಚಹಾ ಕುಡಿದು, ಒಂದು ಮಾತೂ ಆಡದೆ ಹೋಗಿದ್ದ.

ಗಂಡಸರು ಉಣ್ಣಲು ಕೂತರು. ಸಂಗಣ್ಣನ ಹೆಂಡತಿ ರೇವವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಚಂದವ್ವ ನೀಡುತ್ತಿದ್ದಳು.

"ಹುಂಡಾ ಎಷ್ಟಂತ?" ಸಿದ್ದವ್ವ ಕೇಳಿದಳು.

"ವರದಕ್ಷಿಣಿ ಒಂದು ಪೈಸಾ ಇಲ್ಲ," ಬಸಂತರಾಯ ಪುಂಡಿಪಲ್ಲೆ ಕಲಸಿಕೊಂಡ. "ಹುಡುಗನ ಅವ್ವ ಇಂದ್ರಾಬಾಯಿ ಒಂದ ಮಾತು ಹೇಳಿದ್ಲು. ಮದುವಿ ವಾಡೆದಾಗ ಆಗಬೇಕು. ಬೀಗರನ್ನ ದೊಡ್ಡ ಬಾಗಿಲದಾಗ ಇದಿರುಗೊಳ್ಳಬೇಕು. ದೇಸಾಯರ ವಾಡೆದಿಂದ ಸೊಸಿನ್ನ ತಂದೆ ಅಂತ ಹೇಳ್ಕೋಬೇಕಂತ ಅಕಿಗೆ."

"ಹೇಳ್ಕೊಳ್ಳಲಿ. ನಮ್ಮ ಗಂಟೇನು ಹೋಗತೈತಿ?" ಎಂದಳು ರೇವವ್ವ.

"ತಿಥಿ?" ಸಿದ್ದವ್ವ ಕೇಳಿದಳು.

"ಬಸವ ಜಯಂತಿ ಆಗಿ ಐದನೇ ದಿವಸ," ಸಂಗಣ್ಣ ಹೇಳಿದ. "ಮುದ್ದೇಬಿಹಾಳದಿಂದ ಮತ್ತೊಂದು ಹೆಣ್ಣು ಬಂದೈತಿ ಅವರಿಗೆ, ಹುಂಡಾ ಸಹಿತ. ಈ ತಿಥಿ ತಪ್ಪಿದ್ರ ಆ ಕಡೆ ಹೋಗ್ತೇವಿ ಅಂತ ಮಾರಿ ಮ್ಯಾಲ ಅಂದ್ಲು ಮುದುಕಿ."

ಸಿದ್ದವ್ವ, "ಆ ದಿವಸಕ್ಕ ಖಣ ಇಸ್ಕೊಂಡೇನಿ," ಎಂದಳು.

"ಯಾವಾಗ?"

"ಇವತ್ತ, ಮಧ್ಯಾಹ್ನ. ಯಂಕಂಚಿ ಸೋಮನಿಂಗನ ಹೆಂಡತಿ ಸಾವಿತ್ರವ್ವ ಬಂದಿದ್ಲು. ಮಗಳ ಹೆಸರು ಲಗಮವ್ವ ಅಂತ."

ಸೋಮನಿಂಗ ಇದೇ ಮನೆಯ ಹೊಲವನ್ನು ಕೋರಿನಿಂದ ಮಾಡುತ್ತಿದ್ದವ. ಟ್ರಿಬ್ಯೂನಲ್ ಮುಂದೆ ಮೊದಲು ಅರ್ಜಿ ಹಾಕಿದವನೂ ಅವನೇ. ಹನ್ನೆರಡು ಎಕರೆ ಅವನ ಹೆಸರಿಗಾಗಿತ್ತು.

"ಹೊಲ ನುಂಗಿದ್ದು ಸಾಲಲಿಲ್ಲೇನು ಅಂವಗ?" ಸಂಗಣ್ಣ ಕೂಗಿದ. "ಅವ್ವಾ, ಯಾರಂತ ನೋಡಬಾರದ?"

"ನಿಮ್ಮಪ್ಪನ್ನ ಕೇಳು. ಹೆಸರು, ತಿಥಿ ಬಿಟ್ಟು ಏನೂ ಕೇಳಬ್ಯಾಡ ಅಂತ ಅಂದಾವ್ರು ಅವರ. ಮಗಳು ಅಂದ ಮ್ಯಾಲ ಕುಲ ಏನು ಕೇಳೂದು, ಮನಿ ಏನು ಕೇಳೂದು ಅಂದ್ರು."

"ಹಂಗಾರ ತಿರುಗಿ ಕೊಡು," ಬಸಂತರಾಯ ಅಂದ.

"ಕೊಡೂದಿಲ್ಲ."

"ಏನಂದಿ?"

"ಕೊಡೂದಿಲ್ಲ ಅಂದೆ. ಹುಡುಗಿ ಸತ್ತರ ಖಣ ತಿರುಗಿ ಕೊಡ್ತಾರ. ಇಲ್ಲಾ ಮದುವಿ ಮುರದರ. ಇನ್ನೂ ಅರಿಶಿಣ ಹಚ್ಚಿಲ್ಲ, ಆ ಕೂಸಿಗೆ ಅದನ್ನ ನಾ ಮಾಡೂದಿಲ್ಲ."

ಚಂದವ್ವ ಬುಟ್ಟಿ ಹಿಡಿದು ನಿಂತಿದ್ದಳು.

"ಇನ್ನೊಂದು ರೊಟ್ಟಿ ಹಾಕ್ಲೇನಪ್ಪಾ?" ಎಂದು ಕೇಳಿದಳು.

ನಾಲ್ಕು ದಿನದ ಮೇಲೆ ಸಂಗಣ್ಣ ಯಂಕಂಚಿಗೆ ಹೋಗಿಬಂದ. ಇಂಡಿಯಲ್ಲಿ ಬಸ್ಸು ತಪ್ಪಿ ಸಾಲೋಟಗಿಯವರೆಗೆ ನಡೆದು ಬಂದಿದ್ದ. ಅಂಗಳದಲ್ಲಿ ಕಾಲಿಗೆ ನೀರು ಹಾಕಿಕೊಳ್ಳುತ್ತಲೇ ಬೈಗುಳ ಸುರುಮಾಡಿದ.

"ಕುರ್ಚಿ ಹಾಕಿದ. ತಾನೂ ಕುರ್ಚಿ ಮ್ಯಾಲ ಕೂತ. ನನ್ನ ಮುಂದ!"

"ನೆಲದ ಮ್ಯಾಲ ಕೂಡಲಿ ಅಂತಿದ್ರೇನು?" ರೇವವ್ವ ಚಹಾ ತಂದಿಟ್ಟಳು. "ಮುಂದಿಂದು ಹೇಳ್ರಿ."

"ಕಾರ್ಡು ತೋರಿಸಿದ. ಸಿಂದಗಿಯೊಳಗ ಅಚ್ಚು ಹಾಕ್ಸ್ಯಾನ. ಸ್ಥಳ, ದೇಸಾಯರ ವಾಡೆ, ಸಾಲೋಟಗಿ. ಮುನ್ನೂರು ಹಂಚ್ಯಾರಂತ. ಎರಡು ಲಾರಿ ಹೇಳ್ಯಾನ. ತಿಥಿ ಮುಂದ ಹಾಕು ಸೋಮನಿಂಗ, ನನ್ನ ತಂಗಿ ಮದುವಿ ಐತಿ ಅಂದೆ. ಅದಕ ಏನಂದ ಗೊತ್ತೈತೇನು? 'ಸಣ್ಣ ಧಣ್ಯಾರ, ಹನ್ನೆರಡು ವರ್ಷ ಚಪ್ಪಲ ಕೈಯಾಗ ಹಿಡಕೊಂಡು ನಿಮ್ಮ ಬಾಗಿಲ ಹೊರಗ ನಿಂತೇನಿ. ಒಂದು ದಿವಸ ಒಳಗ ಬಂದು ಕೂಡ್ತೇನಿ. ರೊಕ್ಕ ಕೊಟ್ಟ ಕೂಡ್ತೇನಿ,' ಅಂದ."

ಬಸಂತರಾಯ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ. "ರೊಕ್ಕದ ಮಾತು ನೀ ಯಾಕ ತಗದಿ?" ಎಂದ.

"ನಾ ತಗೀಲಿಲ್ಲ, ಅಂವ ತಗದ!"

"ವಾಡೆದಾಗ ರೊಕ್ಕದ ಮಾತಿಲ್ಲ."

"ಹೌದಪ್ಪಾ, ಇಲ್ಲ. ಗಾಳಿ ತಿಂದು ಬದುಕಾಕತ್ತೇವಿ," ಎಂದು ಸಂಗಣ್ಣ ಚಹಾದ ಬಸಿಯನ್ನು ಕುಕ್ಕಿ ಎದ್ದುಹೋದ.

ಎರಡೂ ಮದುವೆಯನ್ನು ಅದೇ ದಿನ ಮಾಡಿದರಾಯಿತೆಂದು ರೇವವ್ವ ಸೂಚಿಸಿದಳು. ಮುಂಜಾನೆ ಒಂದು, ಮಧ್ಯಾಹ್ನ ಒಂದು. ಒಂದೇ ಹೊಸ್ತಿಲನ್ನು ಒಂದೇ ದಿನ ಇಬ್ಬರು ಮದುವಣಗಿತ್ತಿಯರು ದಾಟಬಾರದು, ಒಬ್ಬಳ ಸೌಭಾಗ್ಯ ಇನ್ನೊಬ್ಬಳ ಹಿಂದೆ ಹೋಗುತ್ತದೆ ಎಂದಳು ಸಿದ್ದವ್ವ. ಒಬ್ಬರನ್ನು ಹಿತ್ತಲ ಬಾಗಿಲಿನಿಂದ ಕಳಿಸೋಣವೆಂದ ಸಂಗಣ್ಣ. ಯಾರನ್ನು ಎಂದು ಕೇಳಿದಳು ರೇವವ್ವ. ಹಿತ್ತಲ ಬಾಗಿಲು ಸಗಣಿ ಹೊರುವ ಬಾಗಿಲು. ಅಲ್ಲಿಂದ ಹೋಗಲು ಸೋಮನಿಂಗ ಖಣ ಕೊಟ್ಟಿರಲಿಲ್ಲ, ಇಂದ್ರಾಬಾಯಿ ಹುಂಡಾ ಬಿಟ್ಟಿರಲಿಲ್ಲ.

ಆ ವಾರ ಇಂದ್ರಾಬಾಯಿಯೇ ವಾಡೆ ನೋಡಲು ಬಂದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಮೇಲಂತಸ್ತಿನಲ್ಲಿ ಗಾಳಿ ಬರುವ ಖೋಲಿ ಕೊಟ್ಟರು. ಅಲ್ಲಿದ್ದ ವಿಮೆಯವನನ್ನು ಕುದುರೆ ಲಾಯದ ಪಕ್ಕದ ಖೋಲಿಗೆ ಹಾಕಿದರು. ಮುದುಕಿ ದೊಡ್ಡ ಪಡಸಾಲೆಯ ಕಂಬಗಳನ್ನು ಮುಟ್ಟಿ ಮುಟ್ಟಿ ಎಣಿಸಿದಳು. ಆಮೇಲೆ ಅಡಿಗೆಮನೆಗೆ ಬಂದು ಚಂದವ್ವನ ಹತ್ತಿರ ಕೂತಳು.

"ರೊಟ್ಟಿ ಬಡೀತಿ ಏನವಾ?"

"ಬಡೀತೇನ್ರಿ."

"ಎಷ್ಟು ಬಡೀತಿ?"

"ನಾಕನೂರು ಮಂದಿಗೆ ಬಡದೇನ್ರಿ."

"ನಮ್ಮ ಮನಿಯಾಗ ಇರೂದು ಮೂರ ಮಂದಿ," ಇಂದ್ರಾಬಾಯಿ ನಕ್ಕಳು. ಅವಳ ಮುಂದಿನ ಎರಡು ಹಲ್ಲು ಬಿದ್ದಿದ್ದವು. "ನಾ ಬಾಳ ಕೆಟ್ಟಾಕಿ ಅಂತಾರ. ಮೊದಲನೇ ಸೊಸಿಗೂ ಹಂಗ ಅನಿಸಿತ್ತು. ಬಾಯಿ ಅಷ್ಟ ಕೆಟ್ಟದ್ದು ನಂದು. ಊಟಕ್ಕ ಕಡಿಮಿ ಮಾಡೂದಿಲ್ಲ."

"ಹೌದ್ರಿ."

"ಏನು ಹೌದು?"

"ಊಟಕ್ಕ ಕಡಿಮಿ ಮಾಡೂದಿಲ್ಲ ಅಂದ್ರಲ್ಲ, ಅದಕ್ಕ ಹೌದ್ರಿ ಅಂದೆ."

ಮುದುಕಿ ಅವಳ ಮುಖವನ್ನೇ ನೋಡಿದಳು. ಚಂದವ್ವ ಹಿಟ್ಟು ನಾದುತ್ತಿದ್ದಳು. ಅವಳಿಗೆ ಶ್ರೀಶೈಲಪ್ಪನ ಮೇಲೆ ಆಸೆಯೂ ಇರಲಿಲ್ಲ, ಬೇಸರವೂ ಇರಲಿಲ್ಲ. ಮೂರು ಮಂದಿಗೆ ಎಂಟು, ಹೆಚ್ಚೆಂದರೆ ಹತ್ತು ರೊಟ್ಟಿ ಎಂದು ಲೆಕ್ಕ ಹಾಕಿದಳು. ಪರವೂರಿನ ಗಂಡಸರು ಮಲಗಿ ಎದ್ದ ಹಾಸಿಗೆ ಒಗೆಯುವುದು ತಪ್ಪುತ್ತದೆ. ಅಷ್ಟೇ ಬೇಕಾಗಿತ್ತು.

ಇಂದ್ರಾಬಾಯಿ ಹೋದ ಮರುದಿನ ಚಂದವ್ವ ತಾಯಿಯ ಹತ್ತಿರ ಹೋದಳು. ಸಿದ್ದವ್ವ ಜೋಳ ಹಸನು ಮಾಡುತ್ತ ಕೂತಿದ್ದಳು.

"ಅವ್ವಾ, ಆ ಖಣ ಕೊಡು. ನಾನ ಹೋಗಿ ಕೊಟ್ಟ ಬರ್ತೇನಿ."

"ನಿನಗ ತಲಿ ಕೆಟ್ಟೈತೇನು? ಆ ಹುಡುಗಿಗೆ ನಾಳೆ ಏನಾರ ಆದ್ರ?"

"ನನಗ ಏನಾರ ಆದ್ರ?"

"ನಿನಗೇನಾಕ್ಕೈತಿ? ಮದುವಿ ಆಗಲಿಲ್ಲಂದ್ರ ಇಲ್ಲೇ ಇರ್ತಿ."

"ಅದನ್ನ ನಾ ಹೇಳಾಕತ್ತೇನಿ."

ಸಿದ್ದವ್ವ ಮೊರ ಕೆಳಗಿಟ್ಟಳು. "ಇಲ್ಲೇನು ನಿನ್ನ ಯಾರಾರ ಉಪವಾಸ ಕೆಡವ್ಯಾರ?"

"ಇಲ್ಲ."

"ಹೊಡದಾರ?"

"ಇಲ್ಲವ್ವಾ."

"ಮತ್ತ?"

ಚಂದವ್ವ ಪೆಟ್ಟಿಗೆಯ ಕಡೆ ನೋಡಿದಳು. "ಪೆಟ್ಟಿಗಿ ಕೀಲಿ ಹಾಕಿಲ್ಲಲ್ಲ?" ಎಂದು ಕೇಳಿದಳು.

"ಹಾಕಿಲ್ಲ. ತಗೋಬೇಕಂದ್ರ ತಗೋ. ನನ್ನ ಕೈಲೆ ಕೊಡೂದಿಲ್ಲ."

ಚಂದವ್ವ ಪೆಟ್ಟಿಗೆ ತೆರೆದಳು. ಮುಂದಿನ ಮದುವೆಗಳ ಖಣಗಳು ಒಂದರ ಮೇಲೊಂದು ಇದ್ದವು. ಎಲ್ಲಕ್ಕಿಂತ ಮೇಲಿನದು ಸಾವಿತ್ರವ್ವ ತಂದ ಹಸಿರು ಖಣ, ಕೆಂಪು ಅಂಚಿನದು. ಅದನ್ನು ಚೀಲದಲ್ಲಿ ಹಾಕಿಕೊಂಡು ಮುಂಜಾನೆಯ ಬಸ್ಸು ಹಿಡಿದಳು. ಇಂಡಿಯಲ್ಲಿ ಒಂದು ಬಸ್ಸು, ಸಿಂದಗಿಯಲ್ಲಿ ಇನ್ನೊಂದು. ಯಂಕಂಚಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಸೋಮನಿಂಗನ ಮನೆ ಹೊಸದು. ಗೋಡೆಗೆ ಇನ್ನೂ ಸುಣ್ಣ ಹಚ್ಚುತ್ತಿದ್ದರು. ಕುರಿದೊಡ್ಡಿಯ ವಾಸನೆ ಅಂಗಳದವರೆಗೂ ಇತ್ತು. ಸಾವಿತ್ರವ್ವ ಅವಳನ್ನು ಕಂಡವಳೇ ಕೈಯ ಸುಣ್ಣ ಸೀರೆಗೆ ಒರೆಸಿಕೊಂಡು ಓಡಿಬಂದಳು.

"ಯವ್ವಾ, ಸಣ್ಣವ್ವಾರ ಬಂದ್ರಲೇ! ಬಿಸಿಲಾಗ ಬಂದೀರಲ್ಲವ್ವಾ, ಕೂಡ್ರಿ. ಲಗಮೀ, ನೀರು ತಾ."

ಹುಡುಗಿ ನೀರು ತಂದಳು. ಹದಿನೇಳು ಇರಬಹುದು. ಕೈಗೆ ಆಗಲೇ ಹಸಿರು ಬಳೆ ಇಟ್ಟಿದ್ದರು. ಕೇಳುವ ಮೊದಲೇ ಸಾವಿತ್ರವ್ವ ತಾಟು ಹಾಕಿದಳು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ, ಗಟ್ಟಿ ಮೊಸರು. ಚಂದವ್ವ ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಮೂರು ರೊಟ್ಟಿ ಉಂಡಳು. ಕೈ ತೊಳೆದಳು. ಆಮೇಲೆ ಚೀಲದಿಂದ ಖಣ ತೆಗೆದು ನೆಲದ ಮೇಲಿಟ್ಟಳು.

ಸಾವಿತ್ರವ್ವ ಅದನ್ನು ನೋಡಿದಳು.

"ಉಂಡ ಮ್ಯಾಲ ತಗದ್ರಿ," ಎಂದಳು. "ಮೊದಲ ತಗದಿದ್ರ ನಮ್ಮ ರೊಟ್ಟಿ ಆದ್ರೂ ಉಳೀತಿದ್ದುವು."

"ಅದೇ ದಿವಸ ನನ್ನ ಮದುವಿ ಐತಿ. ಇಲ್ಲಂದ್ರ ಆಗೂದಿಲ್ಲ."

"ನನ್ನ ಮಗಳದೂ ಮದುವೀನ ಐತಿ ತಂಗಿ, ಸತ್ತವರ ತಿಥಿ ಅಲ್ಲ. ನಿಮ್ಮವ್ವ ಕಳಿಸಿದ್ಲೇನು?"

"ಅವ್ವ ಬ್ಯಾಡಂದ್ಲು. ನಾನ ತಂದೇನಿ."

ದೊಡ್ಡಿಯಿಂದ ಸೋಮನಿಂಗ ಬಂದ. ಹೆಗಲ ಮೇಲೆ ಕಂಬಳಿ ಇತ್ತು. ನೆಲದ ಮೇಲಿದ್ದದ್ದನ್ನು ನೋಡಿ ಅವನಿಗೆ ಎಲ್ಲ ತಿಳಿಯಿತು. ನಿಂತೇ ಇದ್ದ.

"ನಿಮ್ಮಪ್ಪ ಬರಬೇಕಿತ್ತು," ಎಂದ.

"ಅಂವ ಬರೂದಿಲ್ಲ."

"ಗೊತ್ತೈತಿ ನನಗ. ಹೊಲದ ಕಾಗದಕ್ಕೂ ಅಂವ ಬರಲಿಲ್ಲ. ವಕೀಲನ್ನ ಕಳಿಸಿದ." ಹೆಂಡತಿಯ ಕಡೆ ತಿರುಗಿದ. "ತಗೊಂಡ ಬಿಡು."

"ಕಾರ್ಡು ಹಂಚೇವಿ!"

"ಹೊಲದಾಗ ಹಂದರ ಹಾಕೂಣು. ಅದೂ ಮೊದಲ ದೇಸಾಯರದ ಇತ್ತಲ್ಲ, ಕಾರ್ಡು ಸುಳ್ಳಾಗೂದಿಲ್ಲ," ಎಂದು ಅವನು ನಗಲು ನೋಡಿದ. ಲಗಮವ್ವ ಬಾಗಿಲ ಹಿಂದಿನಿಂದ ಒಳಗೆ ಹೋದಳು.

ಸಾವಿತ್ರವ್ವ ಖಣವನ್ನು ಕೈಯಿಂದ ಮುಟ್ಟಲಿಲ್ಲ. ಕೋಲಿನ ತುದಿಯಿಂದ ಎತ್ತಿಕೊಂಡು ಹೋಗಿ ದೊಡ್ಡಿಯಲ್ಲಿ ಕಟ್ಟಿದ್ದ ಎತ್ತಿನ ಕೊಂಬಿಗೆ ಸಿಕ್ಕಿಸಿದಳು. ಬಂದ ಕೇಡು ಎತ್ತಿಗೆ ತಗಲಲಿ, ಮಗಳಿಗೆ ಬೇಡ ಎಂದು. ಎತ್ತು ತಲೆ ಕೊಡವಿತು. ಚಂದವ್ವ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಹೋಗಿ ಬರುತ್ತೇನೆ ಎಂದಳು. ಹೋಗಿ ಬಾ ಎಂದು ಆ ಮನೆಯಲ್ಲಿ ಯಾರೂ ಅನ್ನಲಿಲ್ಲ.

ಮನೆಗೆ ಬಂದು ಹೇಳಿದಾಗ ಬಸಂತರಾಯ, "ಆತಲ್ಲ," ಎಂದಷ್ಟೇ ಅಂದ. ಸಂಗಣ್ಣ ಮರುದಿನವೇ ಹಂದರಕ್ಕೆ ಬಿದಿರು ಹೇಳಲು ಇಂಡಿಗೆ ಹೋದ. ಸಿದ್ದವ್ವ ಮಗಳಿಗೆ ಮುಯ್ಯಿಯ ಸೀರೆ ಆರಿಸಿದಳು, ಕರಿಗಡಬಿಗೆ ಬೇಳೆ ಒಡೆಸಿದಳು, ಶಾವಿಗೆ ಹೊಸೆದಳು. ಎಲ್ಲ ಮಾಡಿದಳು. ಮಗಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಚಂದವ್ವನೂ ಆಡಿಸಲು ಹೋಗಲಿಲ್ಲ. ಮದುವೆಯ ಹಿಂದಿನ ದಿನದವರೆಗೂ ಖೋಲಿಗಳ ಹಾಸಿಗೆ ಒಗೆದು ಹಾಕಿದಳು. ಬಾಡಿಗೆಯವರು ಇದ್ದೇ ಇದ್ದರು.

ಮದುವೆ ಹೇಳಿದ ದಿನಕ್ಕೇ ಆಯಿತು. ದೊಡ್ಡ ಬಾಗಿಲಲ್ಲಿ ಬೀಗರ ಕಾಲಿಗೆ ನೀರು ಹಾಕಿದರು. ಬಸಂತರಾಯ ಜರಿಯ ರುಮಾಲು ಸುತ್ತಿಕೊಂಡು ನಿಂತಿದ್ದ. ಇಂದ್ರಾಬಾಯಿ ಬಾಗೇವಾಡಿಯ ಹೆಂಗಸರಿಗೆ ಕಂಬಗಳನ್ನು ತೋರಿಸಿದಳು. ಐನಾರು ಮಂತ್ರ ಹೇಳಿದರು, ಅಕ್ಕಿಕಾಳು ಬಿದ್ದವು, ಮಂದಿ ಹುಗ್ಗಿ ಉಂಡು ಎಲೆ ಬಿಟ್ಟು ಎದ್ದರು. ಅದೇ ಹೊತ್ತಿಗೆ ಯಂಕಂಚಿಯ ಹೊಲದಲ್ಲಿ ಡೊಳ್ಳು ಬಾರಿಸುತ್ತಿದ್ದರೆಂದು, ಮೂರು ಲಾರಿ ಮಂದಿ ಸೇರಿದ್ದರೆಂದು ಆಮೇಲೆ ಸುದ್ದಿ ಬಂತು.

ಕಳಿಸುವ ಹೊತ್ತಿಗೆ ಉಡಿ ತುಂಬಲು ಸಿದ್ದವ್ವನನ್ನು ಕರೆದರು. ಅವಳು ಅಡಿಗೆಮನೆಯಿಂದ ಏಳಲಿಲ್ಲ.

"ಅತ್ಯಾರ, ಮಂದಿ ನೋಡಾಕತ್ತಾರ," ರೇವವ್ವ ಹೋಗಿ ಹೇಳಿದಳು.

"ನೀನ ತುಂಬು. ನನ್ನ ಪೆಟ್ಟಿಗಿಂದ ಒಂದು ಖಣ ಹೊರಗ ಬಿದ್ದೈತಿ. ನನ್ನ ಕೈ ಇನ್ನ ಶುಭಕ್ಕ ನಡಿಯೂದಿಲ್ಲ."

"ಹೆತ್ತ ಮಗಳ್ರಿ!"

"ಅದಕ್ಕ ಬ್ಯಾಡಂದೆ. ಬ್ಯಾರೇದಾಕಿ ಆಗಿದ್ರ ತುಂಬತಿದ್ದೆ."

ರೇವವ್ವ ತುಂಬಿದಳು. ಚಂದವ್ವ ಉಡಿ ಕಟ್ಟಿಕೊಂಡು ದೊಡ್ಡ ಬಾಗಿಲಿನಿಂದ ಹೊರಗೆ ಬಂದು ಬಸ್ಸು ಹತ್ತಿದಳು. ಝಳಕಿ ದಾಟುವಾಗ ಶ್ರೀಶೈಲಪ್ಪ ಕಿಟಕಿ ಹಾಕಲೇ ಎಂದು ಕೇಳಿದ. ಹಾಕ್ರಿ ಎಂದಳು.

ಬಾಗೇವಾಡಿಯಲ್ಲಿ ದಿನಕ್ಕೆ ಎಂಟು ರೊಟ್ಟಿ. ಮುದುಕಿ ಹೇಳಿದಂತೆಯೇ ಅವಳ ಬಾಯಿ ಕೆಟ್ಟದ್ದು, ಊಟಕ್ಕೆ ಕಡಿಮೆಯಿರಲಿಲ್ಲ. ಗಂಡ ಕಚೇರಿಯಿಂದ ಬಂದು ಪೇಪರು ಓದಿ ಮಲಗುತ್ತಿದ್ದ. ಚಂದವ್ವ ಮೂರು ಹಾಸಿಗೆ ಒಗೆಯುತ್ತಿದ್ದಳು. ಮಧ್ಯಾಹ್ನ ಹೊತ್ತು ಉಳಿಯುತ್ತಿತ್ತು. ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಗೋಡೆಗೆ ಒರಗಿ ಕೂಡುತ್ತಿದ್ದಳು.

ನಾಗರ ಪಂಚಮಿಗೆ ತವರಿನಿಂದ ಕರೆಯಲು ಯಾರೂ ಬರಲಿಲ್ಲ. ಇಂದ್ರಾಬಾಯಿ ಎರಡು ದಿನ ಕಾಯ್ದು, "ಮಂದಿ ಏನಂದಾರು, ನೀನ ಹೋಗಿ ಬಾ," ಎಂದು ಬಸ್ಸು ಹತ್ತಿಸಿದಳು.

ವಾಡೆಯ ದೊಡ್ಡ ಪಡಸಾಲೆಯ ತುಂಬ ಸರಕಾರಿ ಗೊಬ್ಬರದ ಚೀಲಗಳಿದ್ದವು. ಕಣ್ಣಿಗೆ ಉರಿ ಬರುವಂಥ ವಾಸನೆ. ಯಾರೋ ಚೀಲಗಳನ್ನು ಒಂದೊಂದು ಕಂಬಕ್ಕೆ ಒರಗಿಸಿ ಒಟ್ಟಿದ್ದರು. ರೇವವ್ವ ಅವಳ ಚೀಲ ಇಸಿದುಕೊಂಡಳು.

"ಏನು ವೈನಿ ಇದು?"

"ಏನಂದ್ರ? ನಿನ್ನ ಮದುವಿ ಆಗಿ ಹತ್ತ ದಿವಸಕ್ಕ ಖಣ ಕೊಟ್ಟಿದ್ದವರಾಗ ಮೊದಲನೇದಾಕಿ ಬಂದ್ಲು. ನಮ್ಮ ಖಣ ನಮಗ ಕೊಡ್ರಿ ಅಂತ. ಖಣ ತಿರುಗಿಸೂ ವಾಡೆದಾಗ ಮಗಳನ್ನ ಹೆಂಗ ಕಳಸೂದು ಅಂದ್ಲು. ಒಬ್ಬಾಕಿ ಹಿಂದ ಒಬ್ಬಾಕಿ ಬಂದ್ರು. ಹನ್ನೊಂದ ಖಣ ಹ್ವಾದುವು. ಈಗ ಮಂದಿ ತಮ್ಮ ಹೊಲದಾಗ ಹಂದರ ಹಾಕ್ತಾರ. ಸೋಮನಿಂಗ ದಾರಿ ಹಾಕಿಕೊಟ್ಟಾನಲ್ಲ. ಮದುವಿ ನಿಂತುವು. ಗೊಬ್ಬರದ ನಾತಕ್ಕ ಖೋಲಿ ಮಂದೀನೂ ಬಿಟ್ಟು ಹ್ವಾದ್ರು."

"ಅಪ್ಪ?"

"ಗೊಬ್ಬರದವರು ತಿಂಗಳ ತಿಂಗಳ ಬಾಡಿಗಿ ಕೊಡ್ತಾರ. ಬಾಡಿಗಿ ಅಂತನ ಕೊಡ್ತಾರ. ಮಾವ ಸಹಿ ಮಾಡಿ ಇಸ್ಕೋತಾರ."

ಬಸಂತರಾಯ ಮೇಲಂತಸ್ತಿನಲ್ಲಿ ಮಲಗಿದ್ದ. ಅವಳು ಹೋಗಿ ಕಾಲಿಗೆ ಬಿದ್ದಳು. ಅವನು ಅಳಿಯನ ಆರೋಗ್ಯ ಕೇಳಿ ಮಗ್ಗುಲಾದ. ಸಂಗಣ್ಣ ಊರಲ್ಲಿರಲಿಲ್ಲ.

ಸಿದ್ದವ್ವ ಹಿತ್ತಲಲ್ಲಿ ಒಲೆಯ ಬೂದಿ ತೆಗೆಯುತ್ತಿದ್ದಳು. ಬೂದಿಯನ್ನು ಬುಟ್ಟಿಗೆ ತುಂಬಿ ಮುಗಿಸಿ ಕೈ ತೊಳೆದಳು. ಅಳ್ಳಿಟ್ಟು, ಶೇಂಗಾದುಂಡಿ ತಂದು ಮಗಳ ಮುಂದೆ ತಾಟು ಇಟ್ಟಳು. ತಾನು ಒಂದಿಷ್ಟು ದೂರದಲ್ಲಿ ಕೂತಳು. ಮೇಲಿನ ಖೋಲಿಗಳಿಗೆ ಬಂದಿಳಿದವರನ್ನು ನಾಲ್ಕು ವರ್ಷ ಕೇಳಿದ ದನಿಯಲ್ಲೇ ಕೇಳಿದಳು.

"ಎಷ್ಟು ದಿವಸ ಇರ್ತಿ?"

"ನಾಳೆ ಹೋಗ್ತೇನಿ."

"ಮುಂಜಾನಿ ಬಸ್ಸಿಗೋ, ಮಧ್ಯಾಹ್ನದ್ದಕ್ಕೋ?"

"ಯಾಕ?"

"ರೊಟ್ಟಿ ಎಷ್ಟು ಬಡೀಬೇಕು, ಗೊತ್ತಾಗಬೇಕಲ್ಲ," ಎಂದಳು ಸಿದ್ದವ್ವ.

"ಮುಂಜಾನಿ ಬಸ್ಸಿಗೆ," ಚಂದವ್ವ ಹೇಳಿ ಉಣ್ಣತೊಡಗಿದಳು.